ರುಮಾಲಿನ ಕೆಳಗಿನ ನ್ಯಾಯ

"ಸುಣ್ಣ ಯಾರ ಕಡೆ ಐತ್ರಿ?" ಎಂದು ಕೇಳಿದೆ.

ಕೊಲೆ ಯತ್ನದ ತನಿಖೆ ನಡೆಯುವ ಜಾಗದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಫೌಜದಾರ ಅಪ್ಪಾಸಾಬರು ನನ್ನ ಮುಖ ನೋಡಿದರು. ಬಾಗಿಲ ಬಳಿ ನಿಂತ ಹವಾಲ್ದಾರನ ಮುಖ ನೋಡಿದರು. ಕೊನೆಗೆ ತಮ್ಮದೇ ಜೇಬಿಗೆ ಕೈ ಹಾಕಿ ತಂಬಾಕಿನ ಡಬ್ಬಿ ತೆಗೆದರು. ಸಾಂಗಲಿ ಜಿಲ್ಲೆಯಲ್ಲಿ ನಾಲ್ಕು ಜನ ಸೇರಿದ ಕಡೆ ಸುಣ್ಣ ಸಿಗದೆ ಹೋಗುವುದಿಲ್ಲ.

"ಹನ್ನೆರಡಕ್ಕ ನಾ ಈಕಿನ್ನ ಕರಕೊಂಡ ಹೋಗಾಂವ, ಮೇಡಂ," ಎಂದು ಗೋಡೆಗೆ ಒರಗಿ ಕುಳಿತ ಹೆಂಗಸಿನ ಕಡೆ ಗದ್ದ ತೋರಿಸಿ ಡಬ್ಬಿ ಚಾಚಿದರು. "ಈಗ ಹನ್ನೊಂದ ಹೊಡದೈತಿ. ತಂಬಾಕ ತಿನ್ನೂದಿದ್ರ ಲಗೂನ ತಿನ್ರಿ."

"ಒಂದ ತಾಸ ನನಗ ಭಾಳ ಆತ್ರಿ, ಸಾಹೇಬ್ರ."

ಇದು ಜಂಬದ ಮಾತಲ್ಲ, ಅಥವಾ ಸ್ವಲ್ಪವೇ ಜಂಬದ್ದು. ಈ ಶಾಲನ ಚೌಗುಲೆ ಇಪ್ಪತ್ತು ವರ್ಷ ಕೋರ್ಟಿನಲ್ಲಿ ದುಭಾಷಿಯಾಗಿದ್ದವಳು. ಸಾಕ್ಷಿ ಕನ್ನಡದಲ್ಲಿ ಹೇಳಿದ ಸುಳ್ಳನ್ನು ಜಡ್ಜರಿಗೆ ಮರಾಠಿಯಲ್ಲಿ ಮುಟ್ಟಿಸಿ ಮುಟ್ಟಿಸಿ, ಸುಳ್ಳಿನ ವಾಸನೆ ಮೂಗಿಗೆ ಅಂಟಿಕೊಂಡಿದೆ. ನಾನು ನಿವೃತ್ತಿಯಾದ ಮೇಲೆ ಮ್ಹೈಸಾಳದ ನಮ್ಮ ಮನೆಯವರು ಬಸದಿಗೆ ಹೋಗಿ ಕುಳಿತುಕೋ ಎಂದರು. ನಾನು ಪತ್ತೇದಾರಿಗೆ ಕುಳಿತೆ.

ಚಿತ್ರಕಾರ ಗುರುಸಿದ್ಧಪ್ಪನವರು ಮಾಧವನಗರದ ಈ ಮುಚ್ಚಿದ ಗಿರಣಿಯ ಶೆಡ್ಡಿನಲ್ಲಿ, ತಮ್ಮದೇ ಚಿತ್ರಶಾಲೆಯ ಮರದ ಮೆಟ್ಟಿಲ ಕೆಳಗೆ ತಲೆ ಒಡೆದು ಬಿದ್ದದ್ದು ಎಂಟು ದಿನದ ಹಿಂದಿನ ಸಂಜೆ. ಇನ್ನೂ ಮಿರಜದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ.

ಆ ಸಂಜೆ ಶೆಡ್ಡಿನಲ್ಲಿ ಅವರ ಜೊತೆ ಇದ್ದವಳು ಒಬ್ಬಳೇ, ಬಾಳವ್ವ. ಮೂವತ್ತು ವರ್ಷದಿಂದ ಅವರಿಗೆ ಬಣ್ಣ ಅರೆದು ಕೊಡುವ ಹೆಂಗಸು. ಅವಳ ಸೆರಗಿನ ಮೇಲೆ ಕೆಂಪು ಕಲೆ ಇತ್ತು. ಪಕ್ಕದ ಪವರ್‌ಲೂಮಿನವರು ಜೋರು ಮಾತು ಕೇಳಿದ್ದರು. ಏನು ಮಾತು ಎಂದು ಪೊಲೀಸರು ಕೇಳಿದರೆ ಅವಳು ಬಾಯಿ ಬಿಡಲಿಲ್ಲ. ಸೀರೆ ಪರೀಕ್ಷೆಗೆ ಹೋಗಿದೆ, ವರದಿ ಬಂದಿಲ್ಲ. ಫೌಜದಾರರಿಗೆ ಕಾಯುವ ವ್ಯವಧಾನ ಇಂದು ಮಧ್ಯಾಹ್ನದವರೆಗೆ ಮಾತ್ರ.

ಬಾಳವ್ವ ಅರೆಯುವ ಕಲ್ಲಿನ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಅರವತ್ತು ದಾಟಿದ ಗಟ್ಟಿ ಜೀವ. ಬಲಗೈಯ ಉಂಗುರ ಬೆರಳು ಅರ್ಧವೇ ಇತ್ತು; ಹುಡುಗಿಯಾಗಿದ್ದಾಗ ಇದೇ ಗಿರಣಿಯ ಯಂತ್ರ ಉಳಿದರ್ಧ ತಿಂದಿತ್ತು. ಆ ಕೈಯನ್ನು ಅವಳು ಯಾವಾಗಲೂ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ.

"ಮದಲ ರಕ್ತದ ಮಾತ ಮುಗಸೂಣು," ಎಂದೆ.

ಮೊಳೆಗೆ ತೂಗುಹಾಕಿದ್ದ ಒರೆಸುವ ಅರಿವೆಯನ್ನು ತೆಗೆದೆ. ಪೊಲೀಸರು ಎಂಟು ದಿನದಿಂದ ಇದರ ಮುಂದೆ ಓಡಾಡಿದ್ದಾರೆ, ಯಾರೂ ಮುಟ್ಟಿರಲಿಲ್ಲ. ಅದರ ಮೇಲೂ ಸೆರಗಿನ ಮೇಲಿದ್ದಂಥದೇ ಕೆಂಪು ಕಲೆ, ಒಣಗಿ ಕಂದಾಗಿತ್ತು. ಬಾಗಿಲಿಗೆ ಹೋಗಿ ಅಲ್ಲಿ ಮೆಣಸಿನಕಾಯಿ ಜೊತೆ ಕಟ್ಟಿದ್ದ ನಿಂಬೆಹಣ್ಣು ಕಿತ್ತೆ.

"ಅಕ್ಕಾರ, ಅದು ದೃಷ್ಟಿಗೆ ಕಟ್ಟಿದ್ದು," ಎಂದ ಓಂಪ್ರಕಾಶ.

ಇವನು ಗುರುಸಿದ್ಧಪ್ಪನವರ ಅಣ್ಣನ ಮಗ. ಸಾಂಗಲಿ ಮಾರ್ಕೆಟ್ಟಿನಲ್ಲಿ ಮನೆತನದ ಅರಿಶಿನದ ವ್ಯಾಪಾರ ನೋಡಿಕೊಳ್ಳುವವನು. ಉಗುರಿನ ಸಂದಿಯಲ್ಲಿ ಸದಾ ಹಳದಿ. ಕಾಕಾನ ಚಿತ್ರಗಳನ್ನು ಮುಂಬಯಿಯ ದೊಡ್ಡ ಪ್ರದರ್ಶನಕ್ಕೆ ಕಳಿಸುವ ಉಸ್ತುವಾರಿಯೂ ಇವನದೇ.

"ದೃಷ್ಟಿ ಎಂದೋ ಆಗಿ ಹೋಗೇತಪಾ. ಇನ್ನ ಇದರ ಉಪಯೋಗ ಬ್ಯಾರೆ ಐತಿ."

ನಿಂಬೆಹಣ್ಣು ಹಿಸುಕಿ ನಾಲ್ಕು ಹನಿ ಕಲೆಯ ಮೇಲೆ ಬಿಟ್ಟೆ. ಕೆಂಪು ನಮ್ಮ ಕಣ್ಣೆದುರಿಗೇ ತಿಳಿಯಾಗುತ್ತ ಬಂದು ಹಳದಿಯಾಯಿತು.

"ರಕ್ತಕ್ಕ ನಿಂಬಿಹಣ್ಣ ಹಿಂಡಿದ್ರ ಹಳದಿ ಆಗತೈತೇನ್ರಿ, ಸಾಹೇಬ್ರ?"

ಅಪ್ಪಾಸಾಬರು ಅರಿವೆಯನ್ನು ಮೂಗಿನ ಹತ್ತಿರ ಹಿಡಿದರು. "ಅರಿಷಿಣ," ಎಂದರು ಮೆಲ್ಲಗೆ.

"ಅರಿಷಿಣಕ್ಕ ಸಾಬೂನ ತಾಗಿದ್ರ ಕೆಂಪ. ಹುಳಿ ತಾಗಿದ್ರ ತಿರುಗಿ ಹಳದಿ. ನಿಮ್ಮ ಮನ್ಯಾಗ ಅರಿವಿ ಒಗಿಯಾವ್ರಿಗೆ ಎಲ್ಲಾರಿಗೂ ಗೊತ್ತೈತಿ. ನೀವು ಅವರನ್ನ ಕೇಳಿಲ್ಲ, ಅಷ್ಟಽ."

ಬಾಗಿಲ ಬೆಳಕಿನಲ್ಲಿ ನಿಂತಿದ್ದ ಸುಮನ ಮೊದಲ ಬಾರಿಗೆ ಉಸಿರು ಬಿಟ್ಟಳು. ಗುರುಸಿದ್ಧಪ್ಪನವರ ಒಬ್ಬಳೇ ಮಗಳು, ನನ್ನನ್ನು ಈ ಕೆಲಸಕ್ಕೆ ಕರೆದವಳು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿದವಳು ಬಾಳವ್ವ. ಆಸ್ಪತ್ರೆಯವರು ಕಳಚಿ ಕೊಟ್ಟ ತಂದೆಯ ಚೌಕ ಮುಖದ ಉಂಗುರವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು.

"ಆದ್ರ ಅರಿಷಿಣ ಎಲ್ಲಿಂದ ಬಂತ್ರಿ?" ಎಂದಳು ಸುಮನ. ಕನ್ನಡ ಅವಳ ಬಾಯಲ್ಲಿ ತಡವರಿಸುತ್ತದೆ, ಆದರೆ ಬಾಳವ್ವನ ಎದುರಿಗೆ ಅವಳು ಮರಾಠಿ ಆಡುವುದಿಲ್ಲ.

"ಅಲ್ಲಿಂದ," ಎಂದು ಗೋಡೆಯ ಕಡೆ ಕೈ ತೋರಿಸಿದೆ.

ಗೋಡೆಯ ಮೇಲೆ ಎರಡು ದೊಡ್ಡ ಚಿತ್ರಗಳು. ಮೊದಲನೆಯದು 'ಶಾಂತಿ'. ಹಳದಿ ಬಯಲಿನ ನಡುವೆ ಮನೆಯಷ್ಟು ದೊಡ್ಡ ಎತ್ತಿನ ಕೊರಳಗಂಟೆ. ಗಂಟೆಗೆ ನಾಲಿಗೆಯಿಲ್ಲ, ನಾಲಿಗೆ ಇರಬೇಕಾದ ಜಾಗದಲ್ಲಿ ಒಂದು ಗೊರವಂಕ ಗೂಡು ಕಟ್ಟಿದೆ. ಹಕ್ಕಿ ಮೊಟ್ಟೆಗೆ ಕುಳಿತಿರುವುದರಿಂದ ಗಂಟೆ ಸುಮ್ಮನಿದೆ. ನನಗೆ ಆಧುನಿಕ ಚಿತ್ರಕಲೆ ಅಷ್ಟಕ್ಕಷ್ಟೆ, ಆದರೆ ಅದರ ಮುಂದೆ ನಿಂತರೆ ದನಿ ತಗ್ಗಿಸಿ ಮಾತಾಡಬೇಕು ಅನಿಸುತ್ತದೆ.

ಎರಡನೆಯದು 'ನ್ಯಾಯ'. ಅದೇ ಹಳದಿ ಬಯಲು. ನಡುವೆ ಗಾಳಿಯಲ್ಲಿ ತೇಲುವ ಬಿಳಿಯ ರುಮಾಲು, ಕೆಳಗೆ ಏನೂ ಇಲ್ಲ. ಆದರೆ ಬಟ್ಟೆಯ ಮಡಿಕೆ ನೋಡಿದರೆ ಒಳಗೆ ಯಾರೋ ಯಾರನ್ನೋ ಹಿಡಿದಿರುವುದು ತಿಳಿಯುತ್ತದೆ.

ತಕ್ಕಡಿ ಎಲ್ಲಿ ಎಂದು ಕೇಳಿದವರಿಗೆಲ್ಲ ಗುರುಸಿದ್ಧಪ್ಪನವರು ಒಂದೇ ಉತ್ತರ ಕೊಡುತ್ತಿದ್ದರು. ಅವರ ಅಪ್ಪನ ಕಾಲದ ಅರಿಶಿನ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಕೊಳ್ಳುವವನೂ ಮಾರುವವನೂ ಒಂದೇ ರುಮಾಲಿನ ಕೆಳಗೆ ಕೈ ಕೂಡಿಸಿ, ಬೆರಳು ಒತ್ತಿ ದರ ಹೇಳುತ್ತಿದ್ದರು. ಸುತ್ತ ನಿಂತ ನೂರು ಜನಕ್ಕೆ ತಿಳಿಯುತ್ತಿರಲಿಲ್ಲ. ಕೈ ಕೊಟ್ಟ ಮೇಲೆ ಮಾತು ತಪ್ಪುವ ಹಾಗಿಲ್ಲ, ಬಾಯಿ ಬಿಡುವ ಹಾಗೂ ಇಲ್ಲ. ತಕ್ಕಡಿ ಒಂದು ಕಡೆ ಬಾಗುತ್ತದೆ, ಕೈ ಹಿಡಿದವರು ಬಾಗುವುದಿಲ್ಲ ಎನ್ನುತ್ತಿದ್ದರು.

ಮೂರನೆಯ ಚಿತ್ರ 'ಪರಿವರ್ತನೆ'. ಬರೆಯುತ್ತಿದ್ದೇನೆ ಎಂದು ವರ್ಷದಿಂದ ಹೇಳುತ್ತಿದ್ದರು, ಯಾರೂ ನೋಡಿಲ್ಲ. ಗೋಡೆಯ ಮೇಲೆ ಅದಕ್ಕಾಗಿ ಬಿಟ್ಟ ಜಾಗ ಖಾಲಿಯೇ ಇತ್ತು.

'ನ್ಯಾಯ'ದ ಕೆಳಮೂಲೆಯಲ್ಲಿ ಅಂಗೈಯಗಲದ ಕೆಂಪು ಕಲೆ. ಅದನ್ನೂ ಪೊಲೀಸರು ರಕ್ತ ಎಂದೇ ಬರೆದುಕೊಂಡಿದ್ದರು.

"ಅಪ್ಪಾರ ಹೇಳಿದ್ರು, ಚಿತ್ರ ಅಂದ್ರ ಮನಿ ಭಾಂಡೆ ಇದ್ದಂಗ, ಧೂಳ ಕುಂದ್ರಸಬಾರದು ಅಂತ," ಎಂದಳು ಬಾಳವ್ವ. ಗುರುಸಿದ್ಧಪ್ಪನವರನ್ನು ಅವಳು ಕರೆಯುವುದು ಅಪ್ಪಾರು ಎಂದೇ. "ಆವತ್ತ ಚಾದ ಹನಿ ಸಿಡದಿತ್ರಿ. ಸಾಬೂನ ಅರಿವೀಲೆ ಒರಸಿದ್ನಿ. ಕೆಂಪಾತು."

"ಅದರ ಸಲುವಾಗೇ ಅವರು ಜೋರ ಮಾಡಿದ್ರು?"

ಅವಳು ತಲೆ ಅಲುಗಿಸಿದಳು. ಹೌದೋ ಅಲ್ಲವೋ ತಿಳಿಯದ ಹಾಗೆ. ನಾನು ಹೌದು ಎಂದು ತೆಗೆದುಕೊಂಡೆ.

ಚಿತ್ರ ಅಸಲಿಯೋ ಅಲ್ಲವೋ ನೋಡೋಣ ಎಂದು ಹೇಳಿ, ಅಪ್ಪಾಸಾಬರ ಡಬ್ಬಿಯಿಂದ ಬೆರಳ ತುದಿಗೆ ಸುಣ್ಣ ಹಚ್ಚಿಕೊಂಡು, 'ನ್ಯಾಯ'ದ ಬಟ್ಟೆ ಚೌಕಟ್ಟಿಗೆ ಮಡಿಚಿಕೊಂಡ ಅಂಚಿನಲ್ಲಿ, ಹೊರಗೆ ಕಾಣದ ಕಡೆ ಒಂದು ಚುಕ್ಕೆ ಇಟ್ಟೆ. ಚುಕ್ಕೆ ಕುಂಕುಮದಂತೆ ಕೆಂಪಾಯಿತು.

ಓಂಪ್ರಕಾಶನ ಮುಖ ಅರಳಿತು. "ಮತ್ತೇನ್ರಿ, ಅಕ್ಕಾರ. ಅಸಲಿ ಅಂತ ನೀವಽ ಸಿದ್ಧ ಮಾಡಿ ಕೊಟ್ರಿ. ನಮ್ಮ ಕಾಕಾ ನಮ್ಮ ಮನೀ ಅರಿಷಿಣದಾಗಽ ಬರೀತಾರ ಅಂತ ಪೇಪರದಾಗೂ ಬಂದೈತಿ."

"ಬಂದೈತಿ," ಎಂದೆ. "ಈಗ ಇದನ್ನ ನೋಡು."

'ಶಾಂತಿ'ಯ ಅಂಚಿನಲ್ಲೂ ಒಂದು ಚುಕ್ಕೆ ಇಟ್ಟೆ. ಎಲ್ಲರೂ ಹತ್ತಿರ ಬಂದರು. ಒಂದು ನಿಮಿಷ ಆಯಿತು, ಎರಡಾಯಿತು. ಸುಣ್ಣ ಬೆಳ್ಳಗೇ ಉಳಿಯಿತು. ಒರೆಸಿದರೆ ಕೆಳಗೆ ಅದೇ ಹಳದಿ.

ಓಂಪ್ರಕಾಶನ ನಗು ಅರ್ಧಕ್ಕೇ ನಿಂತಿತು.

"ಬಾಳವ್ವ ಮಾವಶಿ, ನಿನ್ನೆ ನನಗ ಹೇಳಿದ್ದನ್ನ ಇವರಿಗೂ ಹೇಳ್ರಿ," ಎಂದೆ.

ಬಾಳವ್ವ ಅರೆಯುವ ಕಲ್ಲಿನ ಮೇಲೆ ಕೈಯಾಡಿಸಿದಳು. "ಅರಿಷಿಣ ಅಲ್ರಿ ಅದು. ಬೇಡಗದ ಕಡೆ ಒಂದ ಬಾವಿ ಇತ್ತು. ಅದರ ದಂಡಿಗೆ ಹಳದಿ ಮಣ್ಣ ಸಿಗತಿತ್ತು. ಅದನ್ನ ತಂದು, ಸೋಸಿ, ಅರದು ಕೊಡಾಕಿ ನಾ. ಪೇಪರದಾವ್ರು ಬಂದಾಗ ಅಪ್ಪಾರ ಅರಿಷಿಣ ಅಂತ ಹೇಳಿ, ಅವರು ಹೋದ ಮ್ಯಾಲ ನಗತಿದ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು. ನಾ ಹೇಳಿಲ್ಲ."

"ಆ ಮಣ್ಣ ಈಗ ಐತೇನ್ರಿ?" ಎಂದು ಅಪ್ಪಾಸಾಬರು ಕೇಳಿದರು.

"ಬಾವಿ ಮುಚ್ಚಿ ಎರಡ ವರ್ಷ ಆತ್ರಿ. ಒಂದ ಚಿಟಿಕಿನೂ ಉಳದಿಲ್ಲ."

ನಾನು ಇಷ್ಟು ಹೊತ್ತು ಕಾದದ್ದು ಈ ಮಾತಿಗೆ. ಗೋಡೆಯಿಂದ 'ನ್ಯಾಯ'ವನ್ನು ಇಳಿಸಿ ಹಿಂಬದಿ ತಿರುಗಿಸಿದೆ. 'ಶಾಂತಿ'ಯ ಹಿಂಬದಿಯ ಬಟ್ಟೆ ಹಳೆಯ ಚಾ ಸೋಸುವ ಅರಿವೆಯ ಬಣ್ಣಕ್ಕೆ ತಿರುಗಿತ್ತು. ಇದು ಹಾಲಿನಷ್ಟು ಬಿಳಿ: ಮಣ್ಣು ಮುಗಿದ ಮೇಲೆ ಅರಿಶಿನದಲ್ಲಿ ಮಾಡಿದ ಹೊಸ ನಕಲು.

"ಓಂಪ್ರಕಾಶ, ನಿಮ್ಮ ಅಜ್ಜಾ ಅರಿಷಿಣ ಎಲ್ಲಿ ಇಡತಿದ್ರು?"

"ಹಗೇವಿನಾಗ್ರಿ. ಹರಿಪುರದಾಗ."

"ಯಾಕ ನೆಲದಾಗ ಇಡತಿದ್ರು?"

ಅವನು ಉಗುರಿನ ಸಂದಿಯ ಹಳದಿ ಕೆರೆದುಕೊಂಡ.

"ಬಿಸಲಿಗೆ ಇಟ್ರ ಬಣ್ಣ ಹೋಗತೈತಿ. ಹೌದಲ್ಲ? 'ನ್ಯಾಯ'ದ ಎದರಿಗೆ ಮೂಡಣ ಕಿಡಕಿ ಐತಿ. ಬರದು ಹಾಕಿದಾಗಿಂದ ಹನ್ನೆರಡ ವರ್ಷ ದಿನಾ ಮುಂಜಾನೆ ಬಿಸಲ ಬಡದೈತಿ. ಅರಿಷಿಣದಾಗ ಬರದಿದ್ರ ಮದಲನೇ ಬ್ಯಾಸಗೀಗೇ ಬಿಳೇ ಬಟ್ಟಿ ಉಳಿತಿತ್ತು. ಬ್ಯಾರೆ ಮನ್ಯಾಗಿನ ಕಳ್ಳ ಆಗಿದ್ರ ಅಂಗಡ್ಯಾಗಿನ ಹಳದಿ ಬಣ್ಣ ತಂದು ನಕಲ ಮಾಡಸತಿದ್ದ. ಸುಣ್ಣಕ್ಕ ಕೆಂಪಾಗತಿರಲಿಲ್ಲ, ನನಗ ಹಿಡಿಯಾಕ ಆಗತಿರಲಿಲ್ಲ. ಇದು ಅರಿಷಿಣದ ಮನೆತನದಾವ ಮಾಡೂ ತಪ್ಪು. ನಮ್ಮ ಮಾಲ ಅಂತ ಅಭಿಮಾನ, ಆದ್ರ ನಮ್ಮ ಮಾಲಿನ ಗುಣಾನಽ ಮರತ ಹೋಗಿರತೈತಿ."

ಇಷ್ಟು ಹೇಳಿ ಮುಗಿಸಿದಾಗ ನನಗೆ ಬಹಳ ಸಂತೋಷವಾಗಿತ್ತು. ಸುಳ್ಳೇಕೆ ಹೇಳಲಿ. ಸುಮನಳ ಕಣ್ಣಲ್ಲಿ ನೀರಿತ್ತು. ಫೌಜದಾರರು ಒಂದು ಸ್ಟೂಲು ಎಳೆದು, "ಮಾವಶಿ, ನೆಲದ ಮ್ಯಾಲ ಯಾಕ? ಮ್ಯಾಲ ಕುಂದ್ರಿ," ಎಂದರು. ಎಂಟು ದಿನದಿಂದ 'ಈಕಿ' ಆಗಿದ್ದವಳು ಒಂದು ಸುಣ್ಣದ ಚುಕ್ಕೆಯಿಂದ ಮಾವಶಿಯಾದಳು. ಬಾಳವ್ವ ಏಳಲಿಲ್ಲ.

ಫೌಜದಾರರು ಓಂಪ್ರಕಾಶನ ಕಡೆ ತಿರುಗಿದರು. "ಹೋದ ತಿಂಗಳ ಈ ಚಿತ್ರ ಮಿರಜಕ್ಕ ಒಯ್ದಾಂವ ನೀನಽ."

"ಒಯ್ದೇನ್ರಿ. ಇಲ್ಲ ಅನ್ನೂದಿಲ್ಲ. ಹಳೇ ಚೌಕಟ್ಟ ಗೆದ್ದಲ ತಿಂದಿತ್ತು. ಮುಂಬಯಿಗೆ ಕಳಸೂದಂದ್ರ ಹೊಸಾದ ಬೇಕಲ್ಲ? ಹದಿನೈದ ದಿನ ಚೌಕಟ್ಟಿನ ಅಂಗಡ್ಯಾಗ ಇತ್ತು."

"ಅಲ್ಲೇ ನಕಲ ಮಾಡಿಸಿದಿ," ಎಂದೆ. "ಅಸಲಿ ಮುಚ್ಚಿಟ್ಟಿ. ಬಾಳವ್ವ ಮಾವಶಿ ಸಾಬೂನ ಹಚ್ಚಿದ ಕೂಡ್ಲೆ ನಿನ್ನ ಕಾಕಾಗ ಎಲ್ಲಾ ತಿಳೀತು. ಆ ಸಂಜಿಮುಂದ ನೀ ಎಲ್ಲಿದ್ದಿ?"

ಅವನ ಹಣೆಯ ಮೇಲೆ ಬೆವರಿತ್ತು, ಆದರೆ ಕಣ್ಣು ತಪ್ಪಿಸಲಿಲ್ಲ. ಆಗಲೇ ನಾನು ಸ್ವಲ್ಪ ನಿಧಾನಿಸಬೇಕಿತ್ತು.

"ಅಕ್ಕಾರ, ಚಿತ್ರ ಚೌಕಟ್ಟಿನಿಂದ ಬಿಚ್ಚಿದಾವ ನಾ ಅಲ್ಲ. ಕಾಕಾನಽ ಒಳಗ ಒಯ್ದು, ಬಾಗಲಾ ಹಾಕೊಂಡು ಬಿಚ್ಚಿದ್ರು. ಸುರಳಿ ಸುತ್ತಿ, ಮ್ಯಾಲ ಅರಿವಿ ಕಟ್ಟಿ ನನ್ನ ಕೈಗೆ ಕೊಟ್ರು. ಸುರಳಿ ಹೆಂಗ ಕೊಟ್ರೊ ಹಂಗಽ ಒಯ್ದು ಅಂಗಡಿಗೆ ಹಾಕೇನಿ. ನಕಲ ಅಂದ್ರ ಅದು ಇಲ್ಲೇ ಆಗಿರಬೇಕು, ಅಲ್ಲಿ ಅಲ್ಲ."

"ಕಾಕಾ ತಮ್ಮ ಚಿತ್ರಾನ ತಾವಽ ನಕಲ ಮಾಡಿದ್ರು ಅಂತೀ?"

"ನಾ ಏನೂ ಅನ್ನೂದಿಲ್ಲ. ನೀವು ಬರೇ ಮೂಲಿ ಒರಸೀರಿ. ಧೈರ್ಯ ಇದ್ರ ಪೂರಾ ಒರಸ್ರಿ. ಪೂರಾ ಅರಿಷಿಣ ಇದ್ರ ನಾ ಅಪರಾಧಿ ಅಂತ ಬರಕೊಳ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ, ಎದೆ ಮುಂದೆ ಮಾಡಿ ನಿಂತ. ನನಗೆ ಕೆಣಕಿದಂತಾಯಿತು.

"ಶಾಲನಬಾಯಿ, ಬ್ಯಾಡ್ರಿ," ಎಂದಳು ಬಾಳವ್ವ.

"ಯಾಕ ಮಾವಶಿ?"

"ಆತಲ್ರಿ. ಸಾಕು. ಚಿತ್ರ ಕೆಡತೈತಿ."

"ನಕಲಿ ಕೆಟ್ರ ಕೆಡಲಿ ಬಿಡ್ರಿ," ಎಂದೆ. ಮುಕ್ಕಾಲು ಗೆದ್ದವಳಿಗೆ ಪೂರ್ತಿ ಗೆಲ್ಲುವ ಹಟ ಇರುತ್ತದೆ. ಬಕೆಟ್ಟಿನ ನೀರಿಗೆ ಡಬ್ಬಿಯ ಸುಣ್ಣವನ್ನೆಲ್ಲ ಕದಡಿದೆ. ಸುಮನ 'ಆಗಲಿ' ಎಂಬಂತೆ ತಲೆಯಾಡಿಸಿದಳು. ಅರಿವೆ ಅದ್ದಿ, ಹಿಂಡಿ, ಬಿಳಿ ರುಮಾಲಿನ ಕೆಳಗಿನ ಹಳದಿ ಬಯಲಿಗೆ ಅಡ್ಡವಾಗಿ ಎಳೆದೆ.

ಹಳದಿ ಕೆಂಪಾಯಿತು. ಎರಡನೆಯ ಸಲ ಎಳೆದೆ, ಮೂರನೆಯ ಸಲ ಎಳೆದೆ. ಕೆಂಪು ಹರಡುತ್ತ ಹೋಯಿತು. ಓಂಪ್ರಕಾಶನ ಮುಖ ಬಿಳಿಚಿಕೊಂಡಿತು.

ಆಮೇಲೆ ರುಮಾಲಿನ ಸರಿ ಕೆಳಗೆ ಒಂದು ಕಡೆ ಕೆಂಪು ಹತ್ತಲಿಲ್ಲ.

ಮತ್ತೆ ಒರೆಸಿದೆ. ಹತ್ತಲಿಲ್ಲ. ಸುತ್ತಲೂ ಕೆಂಪು ಗಾಢವಾದಷ್ಟೂ ನಡುವೆ ಹಳದಿಯ ಒಂದು ಆಕಾರ ಎದ್ದು ಬಂತು. ಮೊದಲು ಒಂದು ಮಣಿಕಟ್ಟು, ಆಮೇಲೆ ಬೆರಳುಗಳು. ಅವುಗಳನ್ನು ಹಿಡಿದ ಇನ್ನೊಂದು ಕೈ. ಅರಿಶಿನದ ಬಯಲಿನಲ್ಲಿ ಯಾರಿಗೂ ಕಾಣದಂತೆ, ಅದೇ ಹದದ ಬೇಡಗದ ಮಣ್ಣಿನಲ್ಲಿ ಬರೆದ ಎರಡು ಕೈಗಳು.

ಬಕೆಟ್ಟಿನಲ್ಲಿ ಅರಿವೆಯಿಂದ ಹನಿ ಬೀಳುವ ಸದ್ದು ಕೇಳುತ್ತಿತ್ತು.

ಒಂದು ಕೈಯ ಬೆರಳಲ್ಲಿ ಚೌಕ ಮುಖದ ಉಂಗುರ. ಸುಮನ ಕೊರಳ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಇನ್ನೊಂದು ಕೈಗೆ ಉಂಗುರ ಬೆರಳು ಅರ್ಧವೇ ಇತ್ತು.

ನಾನು ನಕಲಿ ಎಂದು ಸಾರಿದ್ದು ನಕಲಿಯಲ್ಲ. ಸುಣ್ಣ ತಾಗಿದರೆ ಬದಲಾಗಲಿ ಎಂದೇ ಬರೆದ, ಯಾರೂ ನೋಡದ ಮೂರನೆಯ ಚಿತ್ರ. 'ಪರಿವರ್ತನೆ' ಒಂದು ತಿಂಗಳಿನಿಂದ 'ನ್ಯಾಯ'ದ ವೇಷ ಹಾಕಿಕೊಂಡು ಇದೇ ಗೋಡೆಯ ಮೇಲೆ ನಮ್ಮನ್ನು ನೋಡುತ್ತಿತ್ತು.

"ಮಾವಶಿ," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. "ಬಟ್ಟಿ ಹೊಸಾದು. ಮಣ್ಣ ಮುಗದು ಎರಡ ವರ್ಷ ಆತು ಅಂದ್ರಿ."

"ಒಂದ ಹಿಡಿ ಇಟಗೊಂಡಿದ್ನಿ. ಅಪ್ಪಾರ ಕೇಳಿದ್ರು, ಅರದು ಕೊಟ್ಟೇನಿ."

"ಅಂದ್ರ ಇದರಾಗ ಅರಿಷಿಣ ಐತಿ ಅನ್ನೂದೂ ನಿಮಗ ಗೊತ್ತಿತ್ತು. ಗೊತ್ತಿದ್ದಽ ಆವತ್ತ ಸಾಬೂನ ಹಚ್ಚಿದ್ರಿ."

"ಹಚ್ಚೇನ್ರಿ."

ಕೋರ್ಟಿನಲ್ಲಿ ಇಪ್ಪತ್ತು ವರ್ಷ ಸುಳ್ಳು ಕೇಳಿದವಳ ಮೂಗಿನ ಮುಂದೆಯೇ ಈ ಹೆಂಗಸು ಸುಳ್ಳು ಹೇಳಿದ್ದಳು, ನನಗೆ ವಾಸನೆ ಬಂದಿರಲಿಲ್ಲ. ಮಣ್ಣು ಚಿಟಿಕೆಯೂ ಉಳಿದಿಲ್ಲ ಎಂಬ, ತನ್ನ ಬಿಡುಗಡೆಗೆ ಆಧಾರವಾಗಿದ್ದ ಮಾತೇ ಆ ಸುಳ್ಳಾಗಿತ್ತು.

"ಅಪ್ಪಾರಿಗೆ ಕೈ ಕೊಟ್ಟ ಏನ ಮಾತ ಆಡೀರಿ?" ಎಂದರು ಅಪ್ಪಾಸಾಬರು. ಮಾವಶಿ ಎನ್ನಲಿಲ್ಲ.

"ರುಮಾಲಿನ ಕೆಳಗ ಆದ ಮಾತ ರುಮಾಲಿನ ಕೆಳಗಽ ಇರಬೇಕ್ರಿ, ಸಾಹೇಬ್ರ. ಒಬ್ಬರ ಮಲಗ್ಯಾರ ಅಂತ ಇನ್ನೊಬ್ಬರ ಬಾಯಿ ಬಿಡೂದು ನ್ಯಾಯ ಅಲ್ಲ."

"ಹೇಳದಿದ್ರ ಒಳಗ ಹೋಗತೀರಿ."

"ಹನ್ನೆರಡ ಆಗೇತಿ. ನಡೀರಿ."

ಬಾಳವ್ವ ಎದ್ದು ಸೆರಗು ಸರಿಪಡಿಸಿಕೊಂಡಳು. ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ಸುಮನ ಅಡ್ಡ ನಿಂತು, ಅತ್ತುಕೊಂಡು, ಅವಳ ಎರಡೂ ಭುಜ ಹಿಡಿದುಕೊಂಡಳು.

"ಅಪ್ಪಾನ್ನ ನೀ ದಬ್ಬಿಲ್ಲ. ನನಗ ಗೊತ್ತೈತಿ. ಇವರಿಗೆ ಹೇಳ. ಆ ಹಳೇ 'ನ್ಯಾಯ'ದ ಚಿತ್ರ ಎಲ್ಲಿ ಐತಿ ಹೇಳ, ನಾ ಹುಡಕಿ ತರತೀನಿ."

ಇಷ್ಟು ದಿನ ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದ ಕೈಯನ್ನು ಬಾಳವ್ವ ಮೊದಲ ಸಲ ಎಲ್ಲರ ಎದುರಿಗೆ ಎತ್ತಿದಳು. ಆ ಅರ್ಧ ಬೆರಳಿನ ಕೈಯಿಂದ ಸುಮನಳ ಕೆನ್ನೆ ಒರೆಸಿದಳು.

"ಅದನ್ನ ಮಾತ್ರ ಹುಡಕಬ್ಯಾಡ, ನನ್ನವ್ವಾ. ಚೌಕಟ್ಟ ಬಿಚ್ಚಿದ್ರ ಕಟ್ಟಿಗಿ ಮುಚ್ಚಿದ ಹಿಂಬದಿ ಕಾಣತೈತಿ ಅಂತ ಅಪ್ಪಾರ ಅದನ್ನ ಅಂಗಡಿಗೆ ಕಳಸಲಿಲ್ಲ. ಅಲ್ಲಿ ಬರದದ್ದು ನೀ ಓದಬಾರದಂತನಽ ನಾನು ನಿಮ್ಮ ಅಪ್ಪಾರಿಗೆ ಕೈ ಕೊಟ್ಟ ಮಾತ ಆಡೇನಿ."

ಹವಾಲ್ದಾರ ಮುಂದೆ ಬರುವ ಮೊದಲೇ ಅವಳು ಹೊರಗೆ ನಡೆದು, ಜೀಪಿನ ಬಾಗಿಲನ್ನು ತಾನೇ ತೆರೆದು ಹತ್ತಿ ಕುಳಿತಳು.